ಕಂಬಳಿಯ ನಾಲ್ಕನೇ ಮೂಲೆ

ಶಿರಸಿಯಲ್ಲಿ ನನ್ನನ್ನು ಪ್ಲಾಸ್ಟರ್ ಡಾಕ್ಟ್ರು ಎಂದು ಕರೆಯುವವರು ಈಗಲೂ ಇದ್ದಾರೆ. ನಾನು ಡಾಕ್ಟರಲ್ಲ, ಎಲುಬಿನ ಡಾಕ್ಟರರ ಸಹಾಯಕ. ಮುರಿದ ಕೈಯನ್ನು ಡಾಕ್ಟರು ಎಳೆದು ಕೂರಿಸುವಾಗ ಎದುರಿನಿಂದ ಹಿಡಿದುಕೊಳ್ಳುವುದು, ಪಟ್ಟಿ ಸುತ್ತುವುದು, ಆರು ವಾರದ ಮೇಲೆ ಅದನ್ನು ಕತ್ತರಿಸಿ ತೆಗೆಯುವುದು, ತೊಡೆ ಮುರಿದವರ ಕಾಲಿಗೆ ತೂಕ ಕಟ್ಟುವುದು, ಎಕ್ಸ್‌ರೇ ಹಿಡಿದು ಓಡಾಡುವುದು ನನ್ನ ಕೆಲಸ. ಮೊದಮೊದಲು 'ನಾನು ಡಾಕ್ಟರಲ್ಲ' ಎಂದು ತಿದ್ದುತ್ತಿದ್ದೆ. ತಿದ್ದಿದಷ್ಟೂ ಜನ ಅದನ್ನು ವಿನಯ ಎಂದುಕೊಂಡರು. ನನ್ನಲ್ಲಿ ವಿನಯ ಹುಡುಕಿದರೂ ಸಿಗುವುದಿಲ್ಲ ಎಂದು ವಾರ್ಡಿನ ನರ್ಸುಗಳಿಗೆ ಗೊತ್ತು. ಕೊನೆಗೆ ತಿದ್ದುವುದನ್ನು ಬಿಟ್ಟೆ.

ಈ ಕೆಲಸ ಕಲಿಯಲು ನನ್ನನ್ನು ಓದಿಸಿದ್ದು ಒಂದು ಧರ್ಮಾರ್ಥ ಟ್ರಸ್ಟು. ಬಯಲುಸೀಮೆಯ ವ್ಯಾಪಾರಸ್ಥರ ಮನೆತನವೊಂದು ತಮ್ಮ ತೀರಿಹೋದ ಹಿರಿಯರ ನೆನಪಿಗೆ ಅದನ್ನು ಮಾಡಿತ್ತು. ಆ ಹಿರಿಯರು ಸೊಂಟದ ಮೂಳೆ ಮುರಿದು, ನೋಡಿಕೊಳ್ಳಲು ಬಲ್ಲವರಿಲ್ಲದೆ, ಕೊನೆಯ ವರ್ಷಗಳನ್ನು ಹಾಸಿಗೆಯಲ್ಲೇ ಕಳೆದಿದ್ದರಂತೆ. ಡಾಕ್ಟರರನ್ನು ಓದಿಸಲು ಬೇಕಾದಷ್ಟು ಜನ ಇದ್ದಾರೆ, ಡಾಕ್ಟರರ ಪಕ್ಕದಲ್ಲಿ ನಿಲ್ಲುವವರನ್ನು ನಾವು ಓದಿಸೋಣ, ಎಲುಬಿನ ವಿಷಯದಲ್ಲಿ ಏನಾದರೂ ಹೊಸದು ಹುಡುಕುವವರಿಗೂ ನೆರವಾಗೋಣ ಎಂದು ಮನೆಯವರು ನಿಶ್ಚಯಿಸಿದ್ದರು. ತೊಂಬತ್ತರ ದಶಕದ ನಡುವೆ ಅವರ ಪ್ರಕಟಣೆ ಪೇಪರಿನಲ್ಲಿ ಬಂತು. ನನ್ನ ಅಣ್ಣ ಯಾರ ತೋಟದಲ್ಲಿ ಅಡಿಕೆ ಕೊನೆ ಕೊಯ್ಯುತ್ತಿದ್ದನೋ ಆ ತೋಟದ ಒಡೆಯರು ಅದನ್ನು ಕತ್ತರಿಸಿ ಅಣ್ಣನ ಕೈಲಿ ಕೊಟ್ಟಿದ್ದರು. ಪಿಯುಸಿ ಮುಗಿಸಿ ಮನೆಯಲ್ಲಿ ಸುಮ್ಮನೆ ಕೂತಿದ್ದ ನನಗೆ ಅಣ್ಣ ಅದನ್ನು ತಂದುಕೊಟ್ಟ.

ಸಂದರ್ಶನದಲ್ಲಿ ಒಬ್ಬ ಎಲುಬಿನ ಡಾಕ್ಟರು, ಟ್ರಸ್ಟಿನ ಮನೆತನದ ಒಬ್ಬ ವಯಸ್ಸಾದ ಹೆಂಗಸು, ಮತ್ತೆ ಟ್ರಸ್ಟಿನ ಕಾರ್ಯದರ್ಶಿಗಳು ಇದ್ದರು. ಕಾರ್ಯದರ್ಶಿಗಳು ಹೈಸ್ಕೂಲು ಮಾಸ್ತರಾಗಿ ನಿವೃತ್ತಿಯಾದವರು. ಆಯ್ಕೆಯಾದ ಮೇಲೆ ಅವರು ನನಗೆ ಎರಡೇ ಷರತ್ತು ಹೇಳಿದರು. ಓದು ಮುಗಿಸಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯೇ ಕೆಲಸ ಮಾಡಬೇಕು. ವರ್ಷಕ್ಕೊಮ್ಮೆ ಎರಡು ಪುಟ ಬರೆದು ಕಳಿಸಬೇಕು. ಮೊದಲ ಪುಟದಲ್ಲಿ ಆ ವರ್ಷ ಏನು ಮಾಡಿದಿರಿ, ಎರಡನೆಯದರಲ್ಲಿ ಏನು ಮಾಡಲಾಗಲಿಲ್ಲ. ತಾವು ಎರಡನೇ ಪುಟವನ್ನೇ ಮೊದಲು ಓದುವುದು ಎಂದೂ ಹೇಳಿದರು.

ಎರಡು ವರ್ಷ ಓದಿದೆ. ಅಷ್ಟೂ ದಿನ ಮನೆ ನಡೆಸಿದ್ದು ಅಣ್ಣನ ಕಾಲುಗಳು. ಅಪ್ಪ ನಾವು ಸಣ್ಣವರಿದ್ದಾಗಲೇ ತೀರಿಕೊಂಡಿದ್ದ. ಅಣ್ಣ ಕೊನೆಗಾರ, ಅಂದರೆ ಅಡಿಕೆ ಮರ ಹತ್ತಿ ಗೊನೆ ಇಳಿಸುವವನು. ಒಂದು ಮರದ ತುದಿಯಿಂದ ಇನ್ನೊಂದು ಮರದ ತುದಿಗೆ ಜೀಕಿಕೊಂಡು ಹೋಗಿಬಿಡುತ್ತಿದ್ದ. ಇಳಿದು ಮತ್ತೆ ಹತ್ತುವುದು ಸೋಮಾರಿಗಳ ಕೆಲಸ ಎನ್ನುತ್ತಿದ್ದ. ನಾನು ರಜೆಗೆ ಬಂದಾಗ, 'ನೀ ಎಲುಬು ಕೂಡ್ಸೋದು ಕಲ್ತ್ಕ, ನಾ ಮುರ್ಕಂಬೋದು ಕಲೀತೆ' ಎಂದು ತಮಾಷೆ ಮಾಡುತ್ತಿದ್ದ. ಅವ್ವ ಅವನಿಗೆ ಸೌಟು ತೋರಿಸುತ್ತಿದ್ದಳು.

ಓದಿನಲ್ಲಿ ನನಗೆ ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಬೆನ್ನುಮೂಳೆಯ ಪಾಠ. ಬೆನ್ನು ಮುರಿದವನ ಕಾಲ್ಬೆರಳು ಅಲ್ಲಾಡುತ್ತಿದೆಯೇ ಎಂದು ಮೊದಲು ನೋಡಬೇಕು. ಅಲ್ಲಾಡುತ್ತಿದ್ದರೆ ಒಳಗಿನ ನರ ಇನ್ನೂ ಉಳಿದಿದೆ ಎಂದು ಅರ್ಥ. ಆಗ ಅವನನ್ನು ಎಬ್ಬಿಸಿ ಕೂರಿಸಬಾರದು, ಮಡಚಬಾರದು, ತಿರುಚಬಾರದು. ನಾಲ್ಕು ಜನ ಸೇರಿ, ಒಂದೇ ಸಲಕ್ಕೆ, ಮರದ ಕೊರಡು ಎತ್ತಿದ ಹಾಗೆ ಎತ್ತಿ ಗಟ್ಟಿಯಾದ ಚಪ್ಪಟೆ ವಸ್ತುವಿನ ಮೇಲೆ ಮಲಗಿಸಬೇಕು. ಪರೀಕ್ಷೆಯಲ್ಲಿ ತಲೆಯ ಕಡೆ ನಿಂತು 'ಒಂದು, ಎರಡು, ಮೂರು' ಎಂದು ಹೇಳುವವನು ನಾನಾಗಿದ್ದೆ. ಮೊದಲ ನಂಬರು ನನಗೇ ಬಂತು.

ಶಿರಸಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ ಎರಡನೇ ವರ್ಷ. ಕೊನೆ ಕೊಯ್ಲಿನ ಕಾಲ. ಒಂದು ಭಾನುವಾರ ನಾನು ಊರಿಗೆ ಹೋಗಿದ್ದೆ. ನಮ್ಮೂರು ಸಿದ್ದಾಪುರ ತಾಲ್ಲೂಕಿನಲ್ಲಿ, ತ್ಯಾಗಲಿಯಿಂದ ಇನ್ನೂ ಒಳಗೆ. ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ತೋಟದ ಕಡೆಯಿಂದ ಕೂಗು ಕೇಳಿತು. ಓಡಿದೆ.

ಅಣ್ಣ ಮರದ ಬುಡದಲ್ಲಿ ಅಂಗಾತ ಬಿದ್ದಿದ್ದ. ಎಚ್ಚರವಿತ್ತು. ಕಣ್ಣು ಬಿಟ್ಟು ಮಾತಾಡುತ್ತಿದ್ದ. ಬೆನ್ನು ಮಾತ್ರ ತಡೆಯಲಾಗದಷ್ಟು ನೋಯುತ್ತದೆ ಎಂದ. ನಾನು ಕಾಲ ಬಳಿ ಕೂತು, ಬೆರಳು ಅಲ್ಲಾಡಿಸು ಎಂದೆ. ಅಲ್ಲಾಡಿಸಿದ. ಎರಡೂ ಕಾಲಿನದು. ಹೆಬ್ಬೆರಳನ್ನು ಮೇಲೆ ಎತ್ತಿ ಕೆಳಗೆ ಇಳಿಸಿದ. ಇದನ್ನು ನಾನು ನನ್ನ ಕಣ್ಣಿಂದ ನೋಡಿದ್ದೇನೆ, ಯಾರೋ ಹೇಳಿದ್ದಲ್ಲ.

ತೋಟದ ಒಡೆಯರು ತಮ್ಮ ಹೆಂಡತಿಗೆ, 'ಆನು ಜೀಪು ತಗಂಡು ರಸ್ತೆಗೆ ಬರ್ತೆ, ನೀನು ಇಲ್ಲೇ ಇರು' ಎಂದು ಹೇಳಿ ಮನೆಯ ಕಡೆ ಓಡಿದರು. ಯಾರೋ ಅಣ್ಣನನ್ನು ಎಬ್ಬಿಸಿ ಕೂರಿಸಿ ನೀರು ಕುಡಿಸಲು ಹೋದರು. ನಾನು ಬೈದು ಬಿಡಿಸಿದೆ. ಅಲ್ಲಿಯವರೆಗೂ ನನ್ನ ಬುದ್ಧಿ ನೆಟ್ಟಗಿತ್ತು. ತೋಟದ ಅಂಚಿನಲ್ಲಿ ಒಂದು ಬಿದಿರಿನ ಏಣಿ ಇತ್ತು. ಅದನ್ನು ತರಿಸಿ ಅಣ್ಣನ ಪಕ್ಕದಲ್ಲಿ ಹಾಸಿದೆ. ಮೇಲೆ ಗೋಣಿಚೀಲ ಮಡಚಿ ಹಾಕಿಸಿದೆ. ಅವನು ಜಾರದ ಹಾಗೆ ಕಟ್ಟಲು ಹಗ್ಗ ತರಿಸಿದೆ. ಜೊತೆಯ ಕೊನೆಗಾರರು ಮೂವರಿದ್ದರು. ಅವರಿಗೆ ಎಲ್ಲೆಲ್ಲಿ ಕೈ ಹಾಕಬೇಕು ಎಂದು ತೋರಿಸುತ್ತಿದ್ದೆ. ಅಷ್ಟರಲ್ಲಿ ಅವ್ವ ಬಂದಳು.

ಅವಳು ನೋಡಿದ್ದೇನು ಎಂಬುದು ಆಮೇಲೆ ಎಷ್ಟೋ ಸಲ ನನ್ನ ಕಣ್ಣ ಮುಂದೆ ಬಂದಿದೆ. ನೆಲದ ಮೇಲೆ ಅಂಗಾತ ಮಲಗಿದ ಮಗ. ಪಕ್ಕದಲ್ಲಿ ಎರಡು ಉದ್ದ ಬಿದಿರು, ನಡುವೆ ಅಡ್ಡಪಟ್ಟಿ. ಮೇಲೆ ಚೀಲ. ಕೈಯಲ್ಲಿ ಹಗ್ಗ ಹಿಡಿದ ತಮ್ಮ. ಹೊರಲು ಬಗ್ಗಿದ ಮೂವರು ಗಂಡಸರು. ನಮ್ಮಲ್ಲಿ ಮನುಷ್ಯನನ್ನು ಹೀಗೆ ಮಲಗಿಸಿ, ಹೀಗೆ ಕಟ್ಟಿ, ನಾಲ್ಕು ಜನ ಹೀಗೆ ಹೊರುವುದು ಒಂದೇ ಸಲ. ಆ ಚಟ್ಟದ ಮೇಲೆ ಹೋದವರು ಹಿಂದಿರುಗುವುದಿಲ್ಲ.

'ಬ್ಯಾಡ ತಮ್ಮ, ಬ್ಯಾಡ' ಎಂದಳು. 'ಜೀವ ಇರೋ ನನ್ನ ಮಗನ್ನ ಚಟ್ಟಕ್ಕೆ ಕಟ್ಬ್ಯಾಡ. ಕಣ್ಣು ಬಿಟ್ಕಂಡು ಮಾತಾಡ್ತಾ ಇದಾನೆ ಅವ.'

ಏಣಿಯ ಮೇಲೆ ಅಡ್ಡ ಬಿದ್ದುಬಿಟ್ಟಳು. ನನ್ನ ಕೈಯ ಹಗ್ಗ ಕಿತ್ತು ಎಸೆದಳು. ಮೂವರೂ ಕೈ ಬಿಟ್ಟು ಹಿಂದೆ ಸರಿದರು. ಹೆತ್ತವಳ ಬಾಯಲ್ಲಿ ಅಂಥ ಮಾತು ಬಂದ ಮೇಲೆ ಆ ಏಣಿಗೆ ಕೈ ಹಾಕುವ ಗಂಡಸು ನಮ್ಮ ಕಡೆ ಇಲ್ಲ. ಒಬ್ಬ ತನ್ನ ಹೆಗಲ ಮೇಲಿದ್ದ ಕಂಬಳಿ ತೆಗೆದು ಹಾಸಿದ. ಕೊನೆಗಾರ ಬಿದ್ದರೆ ಕಂಬಳಿಯಲ್ಲಿ ಹೊರುವುದು ನಮ್ಮಲ್ಲಿ ಹಿಂದಿನಿಂದ ನಡೆದು ಬಂದದ್ದು. ನಾಲ್ಕು ಮೂಲೆ ನಾಲ್ಕು ಜನ ಹಿಡಿದರೆ ಮನುಷ್ಯ ನಡುವೆ ಜೋಲಿಯಲ್ಲಿ ಕೂತ ಹಾಗೆ ಮಡಚಿಕೊಳ್ಳುತ್ತಾನೆ. ಬೆನ್ನು ಬಿಲ್ಲಿನ ಹಾಗೆ ಬಗ್ಗುತ್ತದೆ. ನನಗೆ ಇದು ಗೊತ್ತಿತ್ತು. ಇದನ್ನೇ ಓದಿ ಮೊದಲ ನಂಬರು ತೆಗೆದುಕೊಂಡವನು ನಾನು.

ಅವ್ವ ಅಳುತ್ತಿದ್ದಳು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಮೂವರು ಮೂರು ಮೂಲೆ ಹಿಡಿದರು. ನಾಲ್ಕನೇ ಮೂಲೆ ನಾನು ಹಿಡಿದೆ.

ರಸ್ತೆ ದೂರವೇನಲ್ಲ. ಹಳ್ಳಕ್ಕೆ ಹಾಕಿದ ಒಂದು ಸಂಕ ದಾಟಿ ಗುಡ್ಡ ಏರಿದರೆ ಆಯಿತು. ಏರುವಾಗ ಅಣ್ಣ, 'ತಮ್ಮ, ಕಾಲು ಜೋಮು ಹಿಡದ ಹಂಗೆ ಆಗ್ತದ್ಯಲ' ಎಂದ. ಮೇಲೆ ಜೀಪಿನ ಸದ್ದು ಕೇಳುತ್ತಿತ್ತು. ಬೇಗ ಹೋಗೋಣ ಎಂದು ಮಾತ್ರ ಹೇಳಿದೆ ಅಂತ ನೆನಪು. ಆಸ್ಪತ್ರೆಯಲ್ಲಿ ಡಾಕ್ಟರು ಬೆರಳು ಅಲ್ಲಾಡಿಸು ಎಂದಾಗ ಅಣ್ಣ ಅಲ್ಲಾಡಿಸಿದ್ದೇನೆ ಎಂದ. ಬೆರಳು ಅಲ್ಲಾಡಿರಲಿಲ್ಲ.

ನಾನು ಡಾಕ್ಟರರಿಗೆ ಎಲ್ಲ ಹೇಳಿದೆ. ಒಳ್ಳೆಯ ಮನುಷ್ಯರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, 'ಬಿದ್ದಾಗಲೇ ನರಕ್ಕೆ ಪೆಟ್ಟಾಗಿ, ಆಮೇಲೆ ಬಾವು ಏರಿ ಹೀಗಾಗಿರಬಹುದು. ಕಂಬಳಿಯಿಂದಲೇ ಆಯ್ತು ಅಂತ ಯಾರೂ ಆಣೆ ಮಾಡಿ ಹೇಳೋಕಾಗಲ್ಲ' ಎಂದರು. ಆ 'ಇರಬಹುದು' ಎಂಬ ಮಾತನ್ನು ಹಿಡಿದುಕೊಂಡು ನಾನು ವರ್ಷಗಟ್ಟಲೆ ಬದುಕಿದೆ. ಅವ್ವನಿಗೆ ಹೇಳಿದ್ದೂ ಅಷ್ಟೇ, ಬಿದ್ದ ಪೆಟ್ಟಿಗೆ ನರ ಹೋಯಿತು ಎಂದು. ಅಣ್ಣನಿಗೆ ಆಗ ಮದುವೆಯ ಮಾತು ನಡೆದಿತ್ತು. ಅದು ಅಲ್ಲಿಗೇ ನಿಂತಿತು.

ಆ ವರ್ಷ ಟ್ರಸ್ಟಿಗೆ ಬರೆದ ಎರಡನೇ ಪುಟದಲ್ಲಿ, ಆಸ್ಪತ್ರೆಯಲ್ಲಿ ಇನ್ನೊಂದು ಪ್ಲಾಸ್ಟರ್ ಕತ್ತರಿಸುವ ಯಂತ್ರ ಇದ್ದರೆ ಅನುಕೂಲವಾಗುತ್ತಿತ್ತು ಎಂದು ಬರೆದೆ. ಯಂತ್ರ ಕಳಿಸಿಕೊಟ್ಟರು. ಅದರ ಸದ್ದು ಕೇಳಿದಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಡಾಕ್ಟರು ಒಂದು ಅಧ್ಯಯನ ಮಾಡಬೇಕೆಂದು ಹೊರಟರು. ಮರದಿಂದ ಬಿದ್ದು ಕಾಲಿನ ಸ್ವಾಧೀನ ಕಳೆದುಕೊಂಡವರ ಮನೆಗಳಿಗೆ ಹೋಗಿ, ಬಿದ್ದಾಗ ಹೇಗಿದ್ದರು, ಹೇಗೆ ಹೊತ್ತು ತಂದರು ಎಂದು ಕೇಳಿ ಬರೆದುಕೊಳ್ಳುವುದು. ಟ್ರಸ್ಟು ಒಪ್ಪಿತು. ತಿರುಗಾಡುವ ಕೆಲಸ ನನ್ನ ಪಾಲಿಗೆ ಬಂತು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಓದಿಸಿದವರು ಅವರು.

ಫಾರಂನಲ್ಲಿ ಏಳನೇ ಪ್ರಶ್ನೆ, ಬಿದ್ದ ತಕ್ಷಣ ಕಾಲ್ಬೆರಳು ಅಲ್ಲಾಡುತ್ತಿತ್ತೇ ಎಂಬುದು. ಎಂಟನೆಯದು, ಯಾವುದರಲ್ಲಿ ಹೊತ್ತು ತಂದಿರಿ. ಈ ಎರಡನ್ನು ಕೇಳುವಾಗ ನಾನು ತಲೆ ಎತ್ತುತ್ತಿರಲಿಲ್ಲ.

ಯಲ್ಲಾಪುರದ ಕಡೆ ಉಮ್ಮಚಗಿಯಲ್ಲಿ ಒಬ್ಬರಿದ್ದರು. ತಮ್ಮ ತೋಟಕ್ಕೆ ತಾವೇ ಹತ್ತಿ ಬಿದ್ದವರು. ಮಗ್ಗುಲಾಗಿ ಮಲಗಿಕೊಂಡೇ ಊರಿನವರ ರೇಡಿಯೋ ರಿಪೇರಿ ಮಾಡುತ್ತಿದ್ದರು. ಕಂಬಳಿಯ ಬದಲು ಏಣಿಯ ಮೇಲೆ ತಂದಿದ್ದರೆ ಆಗುತ್ತಿತ್ತಲ್ಲ ಎಂದು ನಾನು ಮೆಲ್ಲಗೆ ಕೇಳಿದೆ. ಅವರು ರೇಡಿಯೋದ ತಂತಿ ಬಿಡದೆ, ಮನೆಮಾತಿನಲ್ಲೇ, 'ಏಣಿ ಮೇಲೆ ಹೊರ್ತ್ಯ ಅಂದಿದ್ರೆ ಆನೇ ಒಪ್ತಿದ್ನಿಲ್ಲೆ. ಬದುಕಿಪ್ಪವ ಚಟ್ಟದ ಮೇಲೆ ಎಂತಕ್ಕೆ ಮಲಗವು?' ಎಂದರು. ಬಿದ್ದವರೂ ಹೀಗೆ, ಹೊತ್ತವರೂ ಹೀಗೆ.

ಬನವಾಸಿಯ ಹತ್ತಿರ ಗುಡ್ನಾಪುರದಲ್ಲಿ ಹುಣಸೆ ಮರದಿಂದ ಬಿದ್ದವನೊಬ್ಬನ ಮನೆಗೆ ಹೋಗಿದ್ದೆ. ಗಂಡ ಒಳಗೆ ಮಲಗಿದ್ದ. ಹೆಂಡತಿ, 'ಬರ್ರಿ, ಕುಂದರ್ರಿ' ಎಂದು ಚಾಪೆ ಹಾಸಿದಳು. ಏಳನೇ ಪ್ರಶ್ನೆಗೆ, 'ಬೆರಳು ಅಲ್ಲಾಡತಿದ್ದೂ ರೀ, ನಾ ಕಣ್ಣಾರೆ ನೋಡೇನಿ. ದವಾಖಾನಿ ಮುಟ್ಟೂದ್ರಾಗ ನಿಂತೂ' ಎಂದಳು. ನಾನು ಬರೆದುಕೊಂಡೆ. ಏಳುವಾಗ ಬಾಗಿಲವರೆಗೆ ಬಂದು, 'ಎಬ್ಬಿಸಿ ಕುಂದರ್ಸಿ ನೀರು ಕುಡಿಸಿದಾಕಿ ನಾನ. ಅದರಾಗ ನಂದೇನರ ತಪ್ಪೈತೇನ್ರಿ?' ಎಂದು ಕೇಳಿದಳು. ಇಲ್ಲ ತಾಯಿ ಎಂದೆ. ಬಸ್ಸಿನಲ್ಲಿ ಕೂತು, ನಾನೆಂಥ ಸುಳ್ಳ ಎಂದು ನನ್ನನ್ನೇ ಬೈದುಕೊಂಡೆ. ಆದರೆ ಮತ್ತೆ ಹೋಗಿ ಕೇಳಿದರೂ ನಾನು ಅದನ್ನೇ ಹೇಳುತ್ತಿದ್ದೆ.

ಫಾರಂಗಳ ಕಟ್ಟು ದಪ್ಪವಾದ ಹಾಗೆ 'ಇರಬಹುದು' ಎಂಬ ಮಾತು ಸಣ್ಣದಾಗುತ್ತ ಬಂತು. ಬೆರಳು ಅಲ್ಲಾಡುತ್ತಿತ್ತು, ಕಂಬಳಿಯಲ್ಲಿ ತಂದೆವು, ನಿಂತುಹೋಯಿತು. ಮನೆ ಬೇರೆ, ಮರ ಬೇರೆ, ಮಾತು ಅದೇ.

ಕಂಬಳಿ ಬೇಡ ಎಂದರೆ ಸಾಲದು, ಚಟ್ಟದ ಹಾಗೆ ಕಾಣದ ವಸ್ತು ಬೇಕು ಎಂದು ನಾನು ಡಾಕ್ಟರರಿಗೆ ಹೇಳಿದೆ. ಬಿದಿರು ಇರಬಾರದು, ಹಗ್ಗ ಇರಬಾರದು. ಅಗಲವಾದ ಮರದ ಹಲಗೆ, ಅಂಚಿನಲ್ಲಿ ಕೈ ತೂರಿಸಲು ಕಿಂಡಿ, ಕಟ್ಟಲು ಬೆಲ್ಟು, ಮೇಲೆ ನೀಲಿ ಬಣ್ಣ. ಟ್ರಸ್ಟು ಅಂಥ ಹಲಗೆಗಳನ್ನು ಮಾಡಿಸಿಕೊಟ್ಟಿತು. ಊರೂರಿನ ಸಹಕಾರಿ ಸೊಸೈಟಿಯಲ್ಲಿ ಒಂದೊಂದು ಇಟ್ಟು, ಜನರನ್ನು ಸೇರಿಸಿ, ಎತ್ತುವುದು ಹೇಗೆಂದು ತೋರಿಸುತ್ತ ಹೋದೆ. ಒಂದು ಊರಿಗೆ ಆರು ತಿಂಗಳು ಬಿಟ್ಟು ಹೋದರೆ ಹಲಗೆಯ ಮೇಲೆ ಗೊಬ್ಬರದ ಚೀಲ ಒಟ್ಟಿದ್ದರು. ನಾನು ಬಾಯಿಗೆ ಬಂದಂತೆ ಕೂಗಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, ಚಾ ಕುಡಿಸಿ, ನಾನು ಬಸ್ ಹತ್ತುವವರೆಗೆ ಹಲಗೆ ಖಾಲಿ ಇಟ್ಟರು. ಆದರೆ ಬೇರೆ ಕೆಲವು ಊರುಗಳಲ್ಲಿ ಅದು ಉಪಯೋಗಕ್ಕೆ ಬಂತು. ಹಲಗೆಯ ಮೇಲೆ ಬಂದ ಒಬ್ಬ ಮೂರು ತಿಂಗಳಿಗೆ ಊರುಗೋಲು ಹಿಡಿದು ನಮ್ಮ ಆಸ್ಪತ್ರೆಯ ಮೆಟ್ಟಿಲು ಹತ್ತಿದ. ನಾನು ಪ್ಲಾಸ್ಟರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಸಂತೋಷಕ್ಕೆ ಅತ್ತೆ ಎಂದರೆ ಸುಳ್ಳಾಗುತ್ತದೆ.

ನಮ್ಮೂರಿಗೆ ಮಾತ್ರ ಹೋಗಲಿಲ್ಲ. ನಮ್ಮೂರಿನ ಹಲಗೆ ಆಸ್ಪತ್ರೆಯ ಸ್ಟೋರಿನಲ್ಲಿ ಗೋಡೆಗೆ ಒರಗಿ ನಿಂತಿತ್ತು. ಅಲ್ಲಿ ಹೋಗಿ ಹೇಳಿದರೆ ಅವ್ವ ಕೇಳಿಸಿಕೊಳ್ಳುತ್ತಾಳೆ. ಅವಳು ಆಗಲೇ ಮುದುಕಿಯಾಗಿದ್ದಳು. ಅಣ್ಣನ ಬೆನ್ನಿಗೆ ಹುಣ್ಣಾಗದ ಹಾಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದಳು. ನಾನು ಕಲಿಸಿಕೊಟ್ಟ ಆ ಕೆಲಸವನ್ನು ಯಾವ ನರ್ಸಿಗೂ ಕಡಿಮೆಯಿಲ್ಲದ ಹಾಗೆ ಮಾಡುತ್ತಿದ್ದಳು. ಅಂಥವಳ ಮುಂದೆ ನಿಂತು, ಕಂಬಳಿಯಲ್ಲಿ ಹೊತ್ತರೆ ಕಾಲು ಹೋಗುತ್ತದೆ ಎಂದು ಯಾವ ಬಾಯಲ್ಲಿ ಹೇಳಲಿ? ಅದು ಅವಳಿಗಾಗಿ ಎಂದುಕೊಂಡಿದ್ದೆ. ನನಗಾಗಿಯೂ ಇತ್ತು.

ಟ್ರಸ್ಟಿನ ಕಾರ್ಯದರ್ಶಿಗಳಿಂದ ಕಾಗದ ಬಂತು. ಊರುಗಳ ಪಟ್ಟಿ ನೋಡಿದೆ, ನಿಮ್ಮ ಸ್ವಂತ ಊರಿನ ಹೆಸರು ಅದರಲ್ಲಿಲ್ಲ, ಅಲ್ಲಿ ಯಾರೂ ಬಿದ್ದಿಲ್ಲವೇ ಎಂದು ಕೇಳಿದ್ದರು. ಮಾಸ್ತರ ಕಣ್ಣಿಗೆ ಖಾಲಿ ಜಾಗವೇ ಮೊದಲು ಕಾಣುತ್ತದೆ. ಯಾರೂ ಇಲ್ಲ ಎಂದು ಉತ್ತರ ಬರೆದೆ.

ಆ ಕಾಗದ ಕಳಿಸಿದ ನಂತರದ ಕೊಯ್ಲಿನಲ್ಲಿ ನಮ್ಮೂರಿನಿಂದ ಒಬ್ಬನನ್ನು ಜೀಪಿನಲ್ಲಿ ತಂದರು. ನಮ್ಮ ಮನೆಯಿಂದ ಮೂರನೇ ಮನೆಯವನು. ಕಂಬಳಿಯಲ್ಲಿ ಮುದುಡಿಕೊಂಡಿದ್ದ. ಡಾಕ್ಟರು ಗುಂಡುಸೂಜಿಯಿಂದ ಚುಚ್ಚುತ್ತ ಬಂದರು. ನಾನು ಅವನ ಪಾದ ಹಿಡಿದು ನಿಂತಿದ್ದೆ. ಹೊಕ್ಕುಳಿನ ಕೆಳಗೆ ಅವನಿಗೆ ಏನೂ ಗೊತ್ತಾಗಲಿಲ್ಲ. ಬಿದ್ದಾಗ ಬೆರಳು ಅಲ್ಲಾಡುತ್ತಿತ್ತೇ ಎಂದು ಅವನ ಹೆಂಡತಿಯನ್ನು ಕೇಳಿದೆ. ಬಿದ್ದಲ್ಲೇ ಅವರೇ ಮೊಳಕಾಲು ಮಡಚಿದ್ದರು ಎಂದಳು. ಆಮೇಲೆ ತಾನಾಗಿಯೇ, 'ನಿಮ್ಮವ್ವ ಇಲ್ದಿದ್ರೆ ಎಂತ ಮಾಡ್ತಿದ್ವೋ. ಸುದ್ದಿ ಕೇಳಿದ್ದೇ ಓಡಿ ಬಂದು ಅವ್ರೇ ಕಂಬಳಿ ಕೊಟ್ರು' ಎಂದಳು.

ಆ ಹೆಂಗಸು ಅದನ್ನು ಉಪಕಾರ ನೆನೆದು ಹೇಳಿದ್ದು. ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಅವ್ವನಿಗೆ ನೋವಾಗಬಾರದು ಎಂದು ನಾನು ಮುಚ್ಚಿಟ್ಟದ್ದಕ್ಕೆ ಅವಳ ಕೈಯಿಂದಲೇ ಇನ್ನೊಂದು ಮನೆ ಮುಳುಗಿತ್ತು. ಅವಳಿಗೆ ಅದೂ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಹಲಗೆಯನ್ನು ಬಸ್ಸಿನ ಮೇಲೆ ಹಾಕಿಕೊಂಡು ಊರಿಗೆ ಹೋದೆ. ಶಾಲೆಯ ಜಗುಲಿಯಲ್ಲಿ ಜನ ಸೇರಿದರು. ಕೊನೆಗಾರರು, ಅವರ ಹೆಂಡಂದಿರು, ತೋಟದ ಒಡೆಯರು. ಅವ್ವ ಎಲ್ಲರಿಗಿಂತ ಮುಂದೆ, ಒಗೆದ ಸೀರೆ ಉಟ್ಟುಕೊಂಡು ಬಂದು ಕೂತಿದ್ದಳು. ಮಗ ಊರೂರಿಗೆ ಹೋಗಿ ಎಂತದೋ ಕಲಿಸುತ್ತಾನೆ ಎಂದು ಕೇಳಿದ್ದಳು, ಕಣ್ಣಾರೆ ನೋಡಿರಲಿಲ್ಲ. ಪಕ್ಕದವಳಿಗೆ ಏನೋ ಹೇಳಿ ನಕ್ಕಳು.

ಮೊದಲು ಎಲುಬಿನ ಬಗ್ಗೆ ಹೇಳಿದೆ. ಬೆರಳು ನೋಡುವ ಬಗ್ಗೆ ಹೇಳಿದೆ. ಒಬ್ಬನನ್ನು ಮಲಗಿಸಿ ಹಲಗೆಗೆ ಎತ್ತುವುದನ್ನು ತೋರಿಸಿದೆ. ಅಲ್ಲಿಗೇ ಮುಗಿಸಿಬಿಡಬಹುದಿತ್ತು. ಅಣ್ಣ ಬಿದ್ದಿದ್ದ ತೋಟದ ಒಡೆಯರು, 'ಹಾಗಾದ್ರೆ ಕಂಬಳಿಯಲ್ಲಿ ತಂದ್ರೆ ತಪ್ಪೆಂತದು?' ಎಂದು ಕೇಳಿದರು. ಅವರು ಬೇಕೆಂದು ಕೇಳಿದ್ದಲ್ಲ.

ಹೇಳಿದೆ. ಬೆರಳು ಅಲ್ಲಾಡುವವನನ್ನು ಕಂಬಳಿಯಲ್ಲಿ ಮಡಚಿದರೆ ಮುರಿದ ಎಲುಬು ಒಳಗಿನ ನರವನ್ನು ಕತ್ತರಿಸುತ್ತದೆ. ನಡೆಯಬೇಕಾದವನು ಮತ್ತೆ ನಡೆಯುವುದಿಲ್ಲ. ಏಣಿಯ ಮೇಲೆ ತಂದರೂ ಪರವಾಗಿಲ್ಲ, ಚಟ್ಟ ಎಂದು ಹೆದರಬೇಡಿ. ಇಷ್ಟನ್ನೂ ಹಲಗೆಯ ನೀಲಿ ಬಣ್ಣ ನೋಡಿಕೊಂಡು ಹೇಳಿದೆ. ಊರಿನಲ್ಲಿ ಎಲ್ಲರಿಗೂ ಆ ದಿನದ ನೆನಪಿತ್ತು. ನಾನು ತಲೆ ಎತ್ತಿದಾಗ ಅವ್ವ ಇನ್ನೂ ಅಲ್ಲೇ ಕೂತಿದ್ದಳು. ಅವಳ ಮುಖದಲ್ಲಿ ಯಾವ ಬದಲಾವಣೆಯೂ ಇರಲಿಲ್ಲ. 'ಅವನ್ನ ಮಗ್ಗುಲು ಮಾಡೋ ಹೊತ್ತಾತು' ಎಂದು ಪಕ್ಕದವಳಿಗೆ ಹೇಳಿ ಎದ್ದು ಹೋದಳು.

ನಾನು ಹಲಗೆಯನ್ನು ಸೊಸೈಟಿಯಲ್ಲಿ ಇಟ್ಟು ಮನೆಗೆ ಬಂದೆ. ಅವ್ವ ಅಣ್ಣನ ಮಂಚದ ಆಚೆ ನಿಂತಿದ್ದಳು. ಇಬ್ಬರೂ ಸೇರಿ ಅವನನ್ನು ಗೋಡೆಯ ಕಡೆ ಹೊರಳಿಸಿದೆವು. ಅವನ ಬೆನ್ನಿಗೆ ಎಣ್ಣೆ ಹಚ್ಚುತ್ತ, ನನ್ನನ್ನು ನೋಡದೆ ಕೇಳಿದಳು.

'ನಿಂಗೆ ಅವತ್ತೇ ಗೊತ್ತಿತ್ತಾ?'

'ಗೊತ್ತಿತ್ತು.'

'ನಂಗೆ ಗೊತ್ತಿರ್ಲಿಲ್ಲ' ಎಂದಳು. ಬೆನ್ನು ಪೂರ್ತಿ ಎಣ್ಣೆ ಹಚ್ಚಿ ಮುಗಿಸಿದಳು. 'ನಾ ಓದ್ದೋಳಲ್ಲ. ನೀ ಓದಿ ಬಂದೋನು. ನನ್ನ ಮಾತು ಎಂತಕೆ ಕೇಳ್ದೆ ತಮ್ಮ?'

ನನಗೆ ಹೊಳೆದದ್ದು ಒಂದೇ.

'ನೀನು ಅಳ್ತಿದ್ದೆ ಅವ್ವ.'

'ಅಳ್ತಿದ್ದೆ. ಹಿಡಿದು ಅತ್ಲಾಗೆ ನೂಕ್ಬೇಕಾಗಿತ್ತು' ಎಂದಳು. 'ನೂಕಿದ್ರೆ ನಿನ್ನ ಸಂಗ್ತಿಗೆ ನಾಕು ದಿನ ಮಾತು ಬಿಡ್ತಿದ್ದೆ. ಅಷ್ಟೇ ಅಲ್ದಾ?'

ಅಣ್ಣ ಗೋಡೆಗೆ ಮುಖ ಮಾಡಿ ಮಲಗಿದ್ದ. ಎಚ್ಚರವಾಗಿಯೇ ಇದ್ದ ಎಂದು ಅವನ ಉಸಿರಿನಿಂದ ಗೊತ್ತಾಗುತ್ತಿತ್ತು. ನಾನು ಅವನ ಎರಡು ಮೊಳಕಾಲುಗಳ ನಡುವೆ ದಿಂಬು ಇಟ್ಟು, ಪಾದಗಳನ್ನು ನೆಟ್ಟಗೆ ಮಾಡಿದೆ.